ಅಮಾತೆಪ್ಪನ ಎದೆಯ ಹಲಗಿ

ಹರಿಯುವ ನೀರನ್ನು ಓಟದಲ್ಲಿ ಸೋಲಿಸಿದ ಗಂಡಸು ಭೂಮಂಡಲದಲ್ಲಿ ಒಬ್ಬನೇ, ಅವನು ನಮ್ಮೂರ ಅಮಾತೆಪ್ಪ. ಅವನು ಕಾಲುವೆಯ ಏರಿ ಹಿಡಿದು ಓಡಿದರೆ ಕಕ್ಕೇರಾದ ನಾಯಿಗಳು ಬೊಗಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಊರಿನ ನಾಯಿಗಳ ಪಾಲಾಗಿರುತ್ತಿದ್ದ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡವಿದೆಯಲ್ಲ, ಅದು ಕೂಡ ಒಂದು ಸಲ ಇವನ ಓಟ ನೋಡಲು ಮೊಣಕೈ ಊರಿ ಎದ್ದಿತ್ತೆಂದು ಹೇಳುವವರಿದ್ದಾರೆ. ಹೇಳುವವನು ನಾನೊಬ್ಬನೇ, ಆದರೆ ಅಲ್ಲಗಳೆದವರು ಯಾರೂ ಇಲ್ಲ.

ಮೊಬೈಲು ಇನ್ನೂ ಬಾರದ ಕಾಲ. ಕೃಷ್ಣೆಯ ನೀರು ಕಾಲುವೆ ಹಿಡಿದು ನಮ್ಮ ಕಡೆ ಬರತೊಡಗಿ ಹತ್ತು ಹನ್ನೆರಡು ವರ್ಷವಾಗಿತ್ತೇನೋ. ನಮ್ಮೂರು ಮರಿಗಾಲುವೆಯ ತುದಿಗಿದೆ. ತುದಿಗೆ ನೀರು ಬರುವುದೆಂದರೆ ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಹೋಳಿಗೆ ಬಂದಂತೆ. ಮೇಲಿನವರು ಉಂಡು, ಕೈತೊಳೆದು, ಎಲೆಅಡಿಕೆ ಹಾಕಿಕೊಂಡ ಮೇಲೆ ಉಳಿದರೆ ಉಂಟು. ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ನಮ್ಮ ಪಾಳಿಯ ದಿನ ಮೇಲೆ ಗೇಟು ಎತ್ತಿದ ಕೂಡಲೇ ಒಬ್ಬ ಮನುಷ್ಯ ನೀರಿನ ಮುಂದೆ ಓಡಬೇಕು. ದಾರಿಯುದ್ದಕ್ಕೂ ಹೊಲಗಳಿಗೆ ಬಿಟ್ಟ ತೂಬುಗಳಿಗೆ ಮಣ್ಣು, ಹುಲ್ಲು, ಹರಕು ಗೋಣಿ ತುರುಕಿ ಮುಚ್ಚಬೇಕು. ನೀರಿಗಿಂತ ಮೊದಲು ನಮ್ಮೂರು ಮುಟ್ಟಿ ಕೂಗು ಹಾಕಬೇಕು. ನೀರೇ ಮೊದಲು ಬಂದರೆ ಅರ್ಧ ಮೇಲಿನವರ ಹೊಲಕ್ಕೆ, ಇನ್ನರ್ಧ ಹಳ್ಳಕ್ಕೆ.

ಈ ಕೆಲಸ ಅಮಾತೆಪ್ಪನದು. ನೋಡಿದರೆ ಓಟಗಾರನೆಂದು ಯಾರೂ ಅನ್ನುವಂತಿರಲಿಲ್ಲ. ಕಾಲು ಹತ್ತಿಕಟ್ಟಿಗೆಯಷ್ಟು ದಪ್ಪ, ಲುಂಗಿ ಮೊಣಕಾಲ ಮೇಲೆ, ಹೆಗಲ ಮೇಲೆ ಸಲಿಕೆ. ಆದರೂ ಮೂರು ಹರದಾರಿಯನ್ನು ಉಸಿರು ಬಿಗಿಯದೆ ಓಡುತ್ತಿದ್ದ. ಗುಟ್ಟೇನೆಂದರೆ ಹಾಡು. ಕಾಲುವೆ ಬಂದ ಮೇಲೆ ಎರಡೂ ಮಗ್ಗುಲಿಗೆ ಭತ್ತ ಬಂತು, ಭತ್ತದ ಜೊತೆ ನಾಟಿ ಮಾಡುವ ಹೆಣ್ಣಾಳುಗಳ ಗುಂಪುಗಳು ಬಂದವು. ಒಬ್ಬಳು ಪದ ಎತ್ತಿಕೊಡುವುದು, ಉಳಿದವರು ಹಿಡಿಯುವುದು, ಹಿಡಿದಷ್ಟೂ ಹೊತ್ತು ಭತ್ತದ ಅಗಿ ಸಸಿಸಸಿಯಾಗಿ ಕೆಸರಿಗೆ ಇಳಿಯುವುದು.

ಹಸರ ಸೀರಿ ಉಟ್ಟು ಕೆಸರಾಗ ನಿಂತೀದಿ
ಹೆಸರೇನ ಹೇಳ ಮಗಳೆಂದು ಅತ್ತೆವ್ವ
ಮೊಸರ ಬುತ್ತೀಯ ತಂದಾಳ

ಆ ಹಾಡಿಗೆ ಅವಸರವೆಂಬುದಿಲ್ಲ. ಎತ್ತುವಾಗ ಉಸಿರು ಒಳಗೆ, ಹಿಡಿಯುವಾಗ ಹೊರಗೆ. ಅಮಾತೆಪ್ಪನ ಹೆಜ್ಜೆ ಅದರ ಮೇಲೆ ಕೂತುಬಿಡುತ್ತಿತ್ತು. ಗೊಲ್ಲಾಳಮ್ಮನ ಗುಂಪಿನ ಹಾಡು ಕಿವಿಯಿಂದ ಜಾರುವ ಹೊತ್ತಿಗೆ ಶರೀಫಾಬೀ ಗುಂಪಿನ ಹಾಡು ಸಿಗುತ್ತಿತ್ತು, ಅದು ಮುಗಿಯುವ ಹೊತ್ತಿಗೆ ಮತ್ತೊಂದು. ಕೈಯಿಂದ ಕೈಗೆ ಕೊಡ ದಾಟಿಸಿದಂತೆ ಆ ಹೆಂಗಸರು ಅವನನ್ನು ನಮ್ಮೂರಿಗೆ ದಾಟಿಸುತ್ತಿದ್ದರು. ಅವನ ತಾಯಿ ಜೋಳದ ಹೊಲದ ಬದುವಿನಲ್ಲಿ ಜೋಳಿಗೆ ಕಟ್ಟಿ, ಇವನನ್ನು ಅದರಲ್ಲಿ ಮಲಗಿಸಿ, ಹಾಡುತ್ತಾ ಕಳೆ ತೆಗೆದವಳು. ಕಿವಿಗಿಂತ ಮೊದಲು ಕಾಲೇ ಹಾಡು ಕಲಿತಿರಬೇಕು.

ಇದೆಲ್ಲ ಕೆಟ್ಟದ್ದು ಧ್ವಜ ಏರಿಸುವ ದಿನ. ಶಾಲೆಯ ಅಂಗಳದಲ್ಲಿ ತುದಿಯ ದೊಡ್ಡ ರೈತ ಸಂಗಣ್ಣ ಸಾಹುಕಾರ ಅಮಾತೆಪ್ಪನಿಗೆ ಶಾಲು ಹೊದಿಸಿದ. ಯಾದಗಿರಿಯಿಂದ ಬಂದ ಅತಿಥಿಯೊಬ್ಬರು ಮೈಕು ಹಿಡಿದು ಪ್ರೀತಿಯಿಂದಲೇ ಕೇಳಿದರು, “ಅಷ್ಟು ದೂರ ಒಬ್ಬನೇ ಓಡ್ತೀಯಲ್ಲಪ್ಪ, ಬೇಸರ ಆಗಂಗಿಲ್ಲೇನು? ಏನರ ಹಾಡು ಕೇಳ್ತಿಯೋ ಹೆಂಗ?”

ಗಂಡಸರು ಮುಂದೆ ಕೂತಿದ್ದರು, ಹೆಂಗಸರು ಬೇವಿನ ಮರದ ಹತ್ತಿರ. ಅಮಾತೆಪ್ಪ ಮೊದಲು ಬಾಯಿ ತೆರೆದ, ಸಂಗಣ್ಣನ ಮೀಸೆ ನೋಡಿ ಮುಚ್ಚಿದ. ಮೈಮೇಲೆ ಶಾಲಿತ್ತು, ಎದುರಿಗೆ ಮೈಕಿತ್ತು. ಇಂಥ ಹೊತ್ತಿನಲ್ಲಿ ದೇವರೂ ಸುಳ್ಳು ಹೇಳಿಬಿಡುತ್ತಾನೆ.

“ಹೆಂಗಸರು ಗುಂಯ್ ಅನ್ನೋ ಹಾಡು ಗಂಡಸು ಮನಷ್ಯಾಗ ಯಾಕ್ರಿ ಸಾಹೇಬ್ರ? ನನ್ನ ಎದಿಯಾಗ ಹೋಳಿ ಹಲಗಿ ಬಡೀತದ್ರಿ, ಹಲಗಿ!”

ಚಪ್ಪಾಳೆಗೆ ಬೇವಿನ ಮರದ ಕಾಗೆಗಳು ಹಾರಿ ಕೊಡೇಕಲ್ಲಿನಲ್ಲಿ ಇಳಿದವು. ಮರದ ಕೆಳಗಿದ್ದ ಗೊಲ್ಲಾಳಮ್ಮ ಮಾತ್ರ ಸೆರಗು ಕೊಡವಿ ಎದ್ದು ಹೋದಳು.

ಮುಂದಿನ ಪಾಳಿಯಲ್ಲಿ ಗೇಟು ಎತ್ತಿದರು, ಅಮಾತೆಪ್ಪ ಓಡಿದ. ಮೊದಲ ಗದ್ದೆ ಬಂತು. ಹೆಂಗಸರು ಬಾಗಿದ್ದರು, ಕೈ ಆಡುತ್ತಿತ್ತು, ಹಾಡಿಲ್ಲ. ಎರಡನೆಯ ಗದ್ದೆ, ಅಲ್ಲಿಯೂ ಇಲ್ಲ. ಇವನು ಹತ್ತಿರ ಬಂದಂತೆ ಗುಂಪುಗಳು ಸುಮ್ಮನಾಗುತ್ತಿದ್ದವು, ಹಾವು ಕಂಡ ಗುಬ್ಬಿಗಳ ಹಾಗೆ. ಕೆಸರಿನಿಂದ ಕಾಲು ಕಿತ್ತಾಗ ಪಚಕ್ ಎನ್ನುವುದಷ್ಟೇ ಕೇಳುತ್ತಿತ್ತು. ಸರಿ, ಹಲಗಿಯಾದರೂ ಬಡಿಯಲಿ ಎಂದುಕೊಂಡ. ಬಡಿಯಿತು ನೋಡಿ! ಎದೆ ಢಗಢಗ ಎಂದಂತೆ ಕಾಲುಗಳು ಹೋಳಿ ಹುಣ್ಣಿಮೆಯ ಹುಚ್ಚು ಕುಣಿತಕ್ಕೆ ಬಿದ್ದವು. ಒಂದು ಹರದಾರಿ ಬೊಂಬಾಯಿ ರೈಲಿನಂತೆ ಹೋದ. ಆಮೇಲೆ ಮೀನಖಂಡ ಗಂಟು ಹಾಕಿಕೊಂಡು, ಬಳ್ಳಾರಿ ಜಾಲಿಯ ಕೆಳಗೆ ಕುಸಿದ.

ಕೂತಲ್ಲೇ ನೋಡಿದ. ನೀರು ಬಂತು. ಅದಕ್ಕೇನೂ ಅವಸರವಿರಲಿಲ್ಲ. ತಲೆಯ ಮೇಲೆ ಒಣ ಎಲೆ ಹೊತ್ತು, ಒಂದು ಹರಿದ ಚಪ್ಪಲಿಯನ್ನು ಮುಂದೆ ತಳ್ಳುತ್ತಾ, ಊರಿಗೆ ಹೊರಟ ಬೀಗರಂತೆ ಇವನನ್ನು ದಾಟಿ ಹೋಯಿತು. ನಾನು ಮೊದಲಿಗೆ ಹೇಳಿದ ಭೂಮಂಡಲದ ಮಾತನ್ನು ಇಲ್ಲಿಗೆ ಬಿಟ್ಟುಬಿಡಿ.

ನಮ್ಮೂರಿಗೆ ಮುಟ್ಟಿದ್ದು ಒಂದು ಎಮ್ಮೆ ಮೈ ತೊಳೆಯುವಷ್ಟು ನೀರು. ಎರಡು ದಿನದ ಹಿಂದೆ ನಾಟಿ ಮಾಡಿದ ಅಗಿ, ಇನ್ನೂ ಬೇರು ಹಿಡಿಯದ ಕೂಸು, ತಲೆ ವಾಲಿಸಿತು. ಸಂಗಣ್ಣ ಬಂದು ಬದುವಿನ ಮೇಲೆ ನಿಂತ. “ಇನ್ನೊಂದು ಪಾಳಿ ನೋಡ್ತೀನಿ. ಆಗಲೂ ನೀರು ಬರಲಿಲ್ಲಂದ್ರ ಅಗೀನೂ ಹೋತು, ನೀನೂ ಹೋದಿ” ಎಂದ.

ಅಮಾತೆಪ್ಪ ಮನೆಯಿಂದ ಹೊರಬೀಳುವುದನ್ನೇ ಬಿಟ್ಟ. ಬೀಳಲೇಬೇಕಾದಾಗ ಹಿತ್ತಲ ಸಂದಿ ಹಿಡಿದು, ಕಳ್ಳಬೆಕ್ಕಿನಂತೆ ಗೋಡೆಗೆ ಮೈ ಒರಸುತ್ತಾ ಹೋಗುತ್ತಿದ್ದ. ಒಣಗುವ ಅಗಿ ಕಣ್ಣಿಗೆ ಬೀಳಬಾರದೆಂದು ಊರ ಮುಂದಿನ ಹೊಲಗಳಿಗೆ ಬೆನ್ನು ಮಾಡಿ ನಡೆಯುತ್ತಿದ್ದ. ಶಾಲನ್ನು ಗೂಟಕ್ಕೆ ಹಾಕಿದ್ದ. ಅದನ್ನು ಕಂಡರೂ ಕಿವಿ ಬಿಸಿಯಾಗುತ್ತಿತ್ತು. ಹೆಂಡತಿ ಶೇಖಮ್ಮ ರೊಟ್ಟಿ ಬಡಿಯುತ್ತಾ ಕೇಳಿದಳು, “ಹಲಗಿ ಬಡಿಯೋ ಎದಿಗಿ ರೊಟ್ಟಿ ಬೇಕಾಗ್ತದೇನು?”

“ಬಾಯಿ ಜಾರ್ತಲೇ ಶೇಕಿ.”

“ಜಾರಿಲ್ಲ. ಹಿಡಕೊಂಡು ಉಗುಳೀದಿ. ನಾನೂ ಆ ಮರದ ಬುಡಕ ಕುಂತಿದ್ನಿ. ನಿಮ್ಮವ್ವ ಇದ್ದಿದ್ರ ಆಕೀನೂ ಅಲ್ಲೇ ಕುಂತಿರತಿದ್ಳು.”

ಆ ಕೊನೆಯ ಮಾತಿಗೆ ಅವನು ಅರ್ಧ ರೊಟ್ಟಿ ಹಾಗೇ ಬಿಟ್ಟು ಎದ್ದ. ನೆಟ್ಟಗೆ ಗೊಲ್ಲಾಳಮ್ಮನ ಗದ್ದೆಗೆ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಿಂತ. ಯಾರೂ ತಲೆ ಎತ್ತಲಿಲ್ಲ.

“ದೊಡ್ಡವ್ವ, ಯಾಕ ಹಾಡಲಿಲ್ಲ ನೀವು?”

“ಮಾನವಂತ ಗಂಡಸು ಹೊಂಟಾನ, ಅವನ ಕಿವಿಗಿ ನಮ್ಮ ಗುಂಯ್‌ಗುಂಯ್ ಯಾಕಂತ ಸುಮ್ಮನಾದ್ವಿ. ಸಿಟ್ಟಲ್ಲಪ್ಪ, ನಾಚಿಕಿ ಆತು. ಇಷ್ಟು ವರ್ಷ ನಮ್ಮ ಹಾಡು ನಿನಗ ಕೇಳಾಕ ಆಗ್ತಿದ್ದಿಲ್ಲಂತ ಗೊತ್ತಿದ್ದಿಲ್ಲ ನಮಗ.”

ಬೈದಿದ್ದರೆ ನುಂಗುತ್ತಿದ್ದ. ಆ ಮುದುಕಿ ನಾಚಿಕೊಂಡಿದ್ದಾಳೆಂದು ತಿಳಿದದ್ದೇ ಅವನಿಗೆ ಕಾಲುವೆಗೆ ಹಾರಿಬಿಡೋಣ ಅನ್ನಿಸಿತಂತೆ. ಕಾಲುವೆಯಲ್ಲಿ ನೀರಿರಲಿಲ್ಲ, ಅದೂ ಅವನದೇ ಪುಣ್ಯ.

“ಹಲಗಿ ಸುಳ್ಳು, ದೊಡ್ಡವ್ವ” ಎಂದ, ಚಪ್ಪಲಿಯನ್ನೇ ನೋಡುತ್ತಾ. “ನಿಮ್ಮ ಹಾಡ ಇಲ್ಲಂದ್ರ ನನ್ನ ಕಾಲು ಏಳಂಗಿಲ್ಲ.”

“ಕೇಳಿಲ್ಲ.”

ಮತ್ತೊಮ್ಮೆ ಹೇಳಿದ, ಗಟ್ಟಿಯಾಗಿ.

“ನನಗ ಕೇಳಿಸ್ತು. ಶರೀಫಾಬೀಗಿ ಕೇಳಿಸಿಲ್ಲ, ಕೆಳಗಿನ ಗದ್ದಿಯವರಿಗಿ ಕೇಳಿಸಿಲ್ಲ. ಮೈಕಿನಾಗ ಅಂದದ್ದು ಬದುವಿನ ಮ್ಯಾಲ ನಿಂತು ಪಿಸುಗುಟ್ಟಿದ್ರ ಹರಿತದೇನು? ನಡಿ.”

ಹೀಗೆ ಕಾಲುವೆಯ ಉದ್ದಕ್ಕೂ ನಡೆದ. ಪ್ರತಿ ಗದ್ದೆಯ ಬದುವಿನಲ್ಲಿ ಅದೇ ಮಾತು ಒದರಿದ. ಒಂದು ಕಡೆ ನಕ್ಕರು, ಒಂದು ಕಡೆ ಕೆಸರು ಎರಚಿದರು, ಒಂದು ಕಡೆ ಮಜ್ಜಿಗೆ ಕೊಟ್ಟರು. ಅವನಿಗೆ ಬಲು ಕಷ್ಟವಾದದ್ದು ಆ ಮಜ್ಜಿಗೆ ಕುಡಿಯುವುದು. ಊರು ಮುಟ್ಟಿದಾಗ ಅವನ ಕಿವಿಯ ಕೆಂಪಿಗೆ ಬೀಡಿ ಹಚ್ಚಿಕೊಳ್ಳಬಹುದಿತ್ತು.

ಪಾಳಿಯ ದಿನ ಬಂತು. ನಾವೆಲ್ಲ ಕಾಲುವೆಯ ತುದಿಯಲ್ಲಿ ನಿಂತಿದ್ದೆವು. ಅಗಿಯ ತುದಿ ಹಳದಿಯಾಗಿತ್ತು, ಸಂಗಣ್ಣ ಮೀಸೆ ಕಡಿಯುತ್ತಿದ್ದ. ಮೊದಲು ಕಂಡದ್ದು ಅಮಾತೆಪ್ಪನೂ ಅಲ್ಲ, ನೀರೂ ಅಲ್ಲ. ಕೇಳಿಸಿದ್ದು ಹಾಡು. ದೂರದ ಗದ್ದೆಯಿಂದ ಹತ್ತಿರದ ಗದ್ದೆಗೆ, ಗುಂಪಿನಿಂದ ಗುಂಪಿಗೆ, ಹೊಸದೊಂದು ಪದ ಕಟ್ಟಿ ಹೆಂಗಸರು ಅವನನ್ನು ಅಟ್ಟಿಕೊಂಡು ಬರುತ್ತಿದ್ದರು.

ಹಲಗಿ ಎದಿಯಾಗ ಅದ ಅಂತ ಹೊಂಟಾನ
ಜಾಲಿ ಮರದಡಿಗಿ ಕುಂತಾನ ನಮ್ಮಣ್ಣ
ನೀರಿಗಿ ದಾರಿ ಬಿಟ್ಟಾನ

ಅವನು ತಲೆ ತಗ್ಗಿಸಿ, ನಾಚಿಕೆಯಿಂದ ಮೈ ಹಿಡಿಯಷ್ಟು ಮಾಡಿಕೊಂಡು, ಆದರೆ ಅದೇ ಹಾಡಿನ ಮೇಲೆ ಹೆಜ್ಜೆ ಇಡುತ್ತಾ ಬಂದ. ತೂಬುಗಳೆಲ್ಲ ಮುಚ್ಚಿದ್ದವು. ಅವನು ಕೂಗು ಹಾಕಿ ನಾವು ಗದ್ದೆಯ ಮಡಿಗಳ ಬಾಯಿ ಬಿಡಿಸಿದ ಮೇಲೆ ನೀರು ಬಂತು, ತುಂಬಿ ಬಂತು. ಅಗಿ ಬುಡದಲ್ಲಿ ಗುಳ್ಳೆ ಎದ್ದವು.

ಸಂಗಣ್ಣನಿಗೆ ಜೀವ ಬಂದದ್ದೇ ನಾಲಿಗೆಯೂ ಬಂತು. ಎಲ್ಲರೆದುರಿಗೆ ಅಂದ, “ಥೂ, ಅಮಾತ್ಯಾ! ಹೆಂಗಸರ ಹಾಡಿಗಿ ಓಡ್ತಿ ಅಂತ ಈಗ ಮೂರೂರಿಗಿ ಗೊತ್ತಾತು. ಗಂಡಸಾಗಿ ನಾಚಿಕಿ ಬರಂಗಿಲ್ಲೇನಲೇ ನಿನಗ?”

ಅಮಾತೆಪ್ಪ ಸಲಿಕೆ ಊರಿ, ಉಸಿರು ಹಿಡಿದುಕೊಂಡ. ಸಾಹುಕಾರನ ಮಡಿಯಲ್ಲಿ ಏರುತ್ತಿದ್ದ ನೀರನ್ನು ನೋಡಿದ.

“ಬರ್ತದ್ರಿ ಸಾಹುಕಾರ್ರ, ಭಾಳ ಬರ್ತದ. ಆದ್ರ ಈ ನೀರೂ ಅದೇ ಹಾಡಿಗೇ ಬಂದದ್ರಿ. ನಿಮಗೂ ನಾಚಿಕಿ ಆದ್ರ ಹೇಳ್ರಿ, ಮಡಿ ಬಾಯಿ ಕಟ್ಟತೀನಿ.”