ಒಂದು ಮೊಳ ದೂರ

ಮೊನ್ನೆ ಹೋಳಿಗೆಗೆಂದು ಬೆಲ್ಲ ಕರಗಿಸಲು ಇಟ್ಟಿದ್ದೆ. ತಳ ಹಿಡಿದು ಸುಟ್ಟ ವಾಸನೆ ಎದ್ದ ಕೂಡಲೇ ಒಲೆ ಆರಿಸಿ ಹೊರಗೆ ಬಂದು ನಿಂತೆ. ಇಷ್ಟು ವರ್ಷಗಳಾದರೂ ಆ ವಾಸನೆಗೆ ನನ್ನ ಬಲಗೈ ತಾನಾಗಿಯೇ ಮುಷ್ಟಿಯಾಗುತ್ತದೆ.

ಸದಲಗಾದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಬೆಲ್ಲದ ಗಾಣ ನಡೆಸುತ್ತಿದ್ದರು. ಕುದಿಯುವ ಪಾಕದ ಹದವನ್ನು ಕೈಯಿಂದಲೇ ನೋಡುತ್ತಿದ್ದರು. ಕೈಯನ್ನು ತಣ್ಣೀರಿನಲ್ಲಿ ಅದ್ದಿ, ಕಡಾಯಿಗೆ ಇಳಿಸಿ, ಚೂರು ಪಾಕ ಎತ್ತಿ, ರೆಪ್ಪೆ ಬಡಿಯುವುದರೊಳಗೆ ಮತ್ತೆ ನೀರಿಗೆ. ನೀರಿನಲ್ಲಿ ಅದು ಗೋಲಿಯಂತೆ ಉಂಡೆಗಟ್ಟಿದರೆ ಹದ ಬಂದಂತೆ. ಬಕೆಟ್ಟು ಯಾವಾಗಲೂ ಬಲಗಾಲಿನ ಪಕ್ಕದಲ್ಲೇ ಇರಬೇಕು. ನೋಡದೆಯೇ ಕೈ ಅಲ್ಲಿಗೆ ಹೋಗಬೇಕು. ಮಗಳು ಚಿಕ್ಕವಳಿದ್ದಾಗಲೇ ಅವಳ ಕೈಯನ್ನು ತಮ್ಮ ಕೈಯೊಳಗೆ ಹಿಡಿದು ಕಲಿಸಿದ್ದರು. ಅಷ್ಟು ಅಕ್ಕರೆಯ ಮನುಷ್ಯ... ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಅದು ತೊಂಬತ್ತರ ದಶಕದ ಆರಂಭ. ಅವಳೂ ನಾನೂ ಚಿಕ್ಕೋಡಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆವು. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ಪಾಸಾದರೆ ಇಬ್ಬರೂ ಎಂ.ಎ.ಗೆ ಕೊಲ್ಹಾಪುರಕ್ಕೆ ಹೋಗುವುದೆಂದು ಮಾತಾಗಿತ್ತು. ಒಂದು ಮಧ್ಯಾಹ್ನ ಅವಳು ನನ್ನನ್ನೂ ಗಾಣಕ್ಕೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿದಳು.

"ಅಪ್ಪಾ, ಕೊಲ್ಹಾಪುರಕ್ಕ ಕಳಸ್ತೀರೋ ಇಲ್ಲೋ ಹೇಳ್ರಿ. ನಾ ಏನ್ ಸಣ್ಣಾಕಿ ಅಲ್ಲ ಈಗ."

"ದೊಡ್ಡಾಕಿ ಆಗ್ಯಾರ ನೋಡ್ರೋ ಬಾಯಿಸಾಹೇಬ್ರು," ಎಂದರು ಕಾಕಾ. ಆಳುಗಳು ನಕ್ಕರು. "ಹಂಗಾರ ಹದಾ ನೋಡಿ ಹೇಳ ಬಾ. ಕಾಲೇಜಿಗೆ ಹೋಗಿ ಕೈ ಮೆತ್ತಗ ಆಗೇತಿ ಅಂತೀನಿ ನಾ. ಸರಿ ಹೇಳಿದ್ಯಂದ್ರ ನಾನ ಬಸ್ಸ ಹತ್ತಸ್ತೀನಿ."

ಅವಳು ಕೈ ಒದ್ದೆ ಮಾಡಿಕೊಂಡು ಕಡಾಯಿಯ ಮೇಲೆ ಬಾಗಿದಳು. ಆಗ ಕಾಕಾ ಪಾದದಿಂದ ಬಕೆಟ್ಟನ್ನು ಮೆಲ್ಲಗೆ ಹಿಂದೆ ಸರಿಸಿದರು. ಒಂದು ಮೊಳ, ಅಷ್ಟೇ. ಮುಖದ ಮೇಲೆ ಚೇಷ್ಟೆಯ ನಗು. ನಾನು ನೋಡಿದೆ. ಕೂಗಲಿಲ್ಲ.

ಪಾಕ ಎತ್ತಿದ ಅವಳ ಕೈ ಗಾಳಿಗೆ ಇಳಿಯಿತು. ನೀರಿಲ್ಲ. ತಡಕಾಡಿದಳು. ಬಕೆಟ್ಟು ಸಿಗುವಷ್ಟರಲ್ಲಿ ಪಾಕ ಬೆರಳುಗಳಿಗೆ ಅಂಟಿ ಕೂತಿತ್ತು. ನೀರಿನಿಂದ ಕೈ ಎತ್ತಿದಾಗ ಸುಲಿದ ಚರ್ಮದ ನಡುವೆ ಬೆಲ್ಲದ ಗೋಲಿ ಗಟ್ಟಿಯಾಗಿತ್ತು.

"ಹದಾ ಬಂದೈತಿ. ಇಳಸ್ರಿ," ಎಂದವಳು ಅಲ್ಲೇ ಕುಸಿದಳು.

ಕಾಕಾ ಅವಳನ್ನು ಎತ್ತಿಕೊಂಡು ಓಡಿದರು. ಅತ್ತರು ಕೂಡ. ಆ ಕಣ್ಣೀರನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ದವಾಖಾನೆಗೆ ಬಂದವರಿಗೆಲ್ಲ, "ಹದಾ ಸರಿ ಹೇಳಿದ್ಲ್ರಿ, ಖರೆ. ಆದ್ರ ಅಂಜಿ ಕೈ ತಡಾ ಮಾಡಿದ್ಲು," ಎಂದರು. ಮಗಳ ಕೈ ಸುಟ್ಟಿದ್ದು ಸಾಲದೆಂದು ತಪ್ಪನ್ನೂ ಅವಳ ತಲೆಗೇ ಕಟ್ಟಿದರು. ಅವಳು ಅದನ್ನು ನಂಬಿದಳು. ಪರೀಕ್ಷೆ ಹೋಯಿತು. ಕೊಟ್ಟ ಮಾತನ್ನು ಕಾಕಾ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಮರುವರ್ಷ ಅಥಣಿ ಕಡೆ ಮದುವೆ ಮಾಡಿದರು. ಕೊಲ್ಹಾಪುರದ ಬಸ್ಸು ಹತ್ತಿದ್ದು ನಾನೊಬ್ಬಳೇ.

ಹೋದ ವರ್ಷ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಅವಳು ಮಡಚಿಕೊಂಡೇ ಇರುವ ಬೆರಳುಗಳನ್ನು ಸವರುತ್ತ, "ಅಪ್ಪಾ ಛಲೋ ಕಲಿಸಿದ್ರ ಬೇ. ನಾನ ಅಂಜಿದೆ," ಎಂದಳು. ಅವಳು ಅಂಜಿರಲಿಲ್ಲ. ಅಂಜಿದ್ದು ಕಾಕಾ, ಮಗಳು ದೊಡ್ಡವಳಾದಳೆಂದು. ಮತ್ತೆ ನಾನು... ಸಾವಿನ ಮನೆಯಲ್ಲಿ ಹೇಗೆ ಹೇಳುವುದೆಂದು ಅವತ್ತೂ ಬಾಯಿ ಮುಚ್ಚಿಕೊಂಡೆ. ಈಗ ಜಗಳ ಆಡಲು ಕಾಕಾ ಇಲ್ಲ. ಬಕೆಟ್ಟು ಸರಿಸಿದ ಆ ಕಾಲನ್ನು ಕಂಡವಳು ನಾನೊಬ್ಬಳೇ ಉಳಿದಿದ್ದೇನೆ.

ಒಳಗೆ ಬಂದು ಬೇರೆ ಬೆಲ್ಲ ಒಲೆಗೇರಿಸಿದೆ. ಬೋಗುಣಿಯಲ್ಲಿ ತಣ್ಣೀರು ತುಂಬಿ ಬಲಗಡೆ ಇಟ್ಟುಕೊಂಡೆ. ಅಲ್ಲೇ ಇದೆಯೇ ಎಂದು ಎರಡು ಸಲ ಮುಟ್ಟಿ ನೋಡಿದೆ.