ಕೆಂಪಿಯ ಮುಚ್ಚಳದ ಮೇಲಿನ ಚೀಟಿ

ಆಸ್ಪತ್ರೆಯ ಹಿಂಬದಿಯ ಹುಲ್ಲಿನಂಗಳದಲ್ಲಿ ಅವಳು ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತು ಕಳೆದದ್ದು ಹದಿನೆಂಟು ವರ್ಷ. ಅಷ್ಟು ವರ್ಷದಲ್ಲಿ ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ನರ್ಸಿನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವಳು ಹುಲ್ಲಕ್ಕ. ಹತ್ತೊಂಬತ್ತನೆಯ ವರ್ಷಕ್ಕೆ ಹುಲ್ಲು ಕತ್ತರಿಸುವ ಮಿಷನ್ ಬಂತು. ಕೆಂಪು ಬಣ್ಣ, ನಾಲ್ಕು ಚಕ್ರ, ಹಗ್ಗ ಜಗ್ಗಿದರೆ ಗುರ್ರೆನ್ನುವ ಪೆಟ್ರೋಲ್ ಎಂಜಿನ್. ಅದನ್ನು ನಡೆಸುವವರು ಯಾರೆಂಬ ಮಾತು ಬಂದಾಗ ಕಚೇರಿಯ ಗಂಡಸರಿಗೆಲ್ಲ ಒಬ್ಬೊಬ್ಬ ಭಾಮೈದ ನೆನಪಾದ. ದೊಡ್ಡ ಡಾಕ್ಟರಮ್ಮ ಮಾತ್ರ, ಹುಲ್ಲು ಗೊತ್ತಿರುವುದು ಹುಲ್ಲಕ್ಕನಿಗೆ, ಅವಳಿಗೇ ಕೊಡಿ ಎಂದು ಮಾತು ಮುಗಿಸಿದರು.

ಹುಲ್ಲಕ್ಕ ಆ ಮಿಷನ್ನಿಗೆ ಕೆಂಪಿ ಎಂದು ಹೆಸರಿಟ್ಟಳು. ಮೊದಲ ದಿನ ಕೆಲಸ ಮುಗಿಸಿ ಮನೆಗೆ ಹೋದವಳು ಅತ್ತೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತು, ಇವತ್ತು ಇಡೀ ದಿನ ಹೀಗೆ ನಿಂತೇ ಕೆಲಸ ಮಾಡಿದೆ ಎಂದು ತೋರಿಸಿದಳು. ನಿಂತು ಕೆಲಸ ಮಾಡುವುದು ಒಂದು ಭಾಗ್ಯವೇ ಎಂದು ಕೇಳುವವರು ಹದಿನೆಂಟು ವರ್ಷ ಬೇಡ, ಹದಿನೆಂಟು ನಿಮಿಷ ಕುಕ್ಕರಗಾಲಲ್ಲಿ ಕೂತು ನೋಡಲಿ.

ಕಾಲು ಮುರಿದು ಪಟ್ಟಿ ಬಿಚ್ಚಿಸಿಕೊಂಡವರು ಮೊದಲ ಹೆಜ್ಜೆ ಇಡುತ್ತಿದ್ದದ್ದು ಆ ಅಂಗಳದಲ್ಲೇ. ಹುಲ್ಲು ಒಂದು ಬೆರಳು ಉದ್ದವಾದರೂ ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಎರಡು ವರ್ಷ ಹುಲ್ಲಕ್ಕ ಆ ಹುಲ್ಲನ್ನು ಚಾಪೆಯ ಹಾಗೆ ಇಟ್ಟಿದ್ದಳು.

ಕಷ್ಟ ಶುರುವಾದದ್ದು ಉಗ್ರಾಣದ ಸಾಹೇಬರಿಂದ. ಅವರಿಗೆ ಕಣ್ಣಿಗೆ ಬಿದ್ದ ಮುಚ್ಚಳಕ್ಕೆಲ್ಲ ಸಹಿ ಹಾಕಿದ ಚೀಟಿ ಅಂಟಿಸುವ ಚಟ. ಒಂದು ವಾರ ಪೆಟ್ರೋಲ್ ಬೇಗ ಖಾಲಿಯಾಯಿತು. ಆ ವಾರ ಮಳೆ ಬಂದು ಹುಲ್ಲು ಎದ್ದು, ಎರಡು ಸಲ ಕತ್ತರಿಸಬೇಕಾಯಿತೆನ್ನುವುದು ಅವರ ತಲೆಗೆ ಹೋಗಲಿಲ್ಲ. ಹೋದದ್ದು ಒಂದೇ: ಹುಲ್ಲಕ್ಕ ಪೆಟ್ರೋಲ್ ಕದಿಯುತ್ತಾಳೆ. ಅದೇ ಉಗ್ರಾಣದಿಂದ ಬಲ್ಬಿನ ಪೆಟ್ಟಿಗೆಗಳಿಗೆ ಕಾಲು ಬಂದು ನಡೆದುಹೋದಾಗ ಯಾವ ಬಾಗಿಲಿಗೂ ಚೀಟಿ ಬಿದ್ದಿರಲಿಲ್ಲ. ಚೀಟಿ ಬೀಳುವುದು ಯಾವಾಗಲೂ ಬೆವರುವ ಕೈಗಳ ಮುಂದೆಯೇ.

ಅಂದಿನಿಂದ ಸಾಹೇಬರೇ ಬೆಳಿಗ್ಗೆ ಪೆಟ್ರೋಲ್ ಹಾಕಿ, ಟ್ಯಾಂಕಿನ ಮುಚ್ಚಳದ ಮೇಲೆ ಚೀಟಿ ಹಾಸಿ, ಅದರ ಎರಡು ತುದಿಗಳನ್ನು ಟ್ಯಾಂಕಿಗೆ ಅಂಟಿಸತೊಡಗಿದರು. ಚೀಟಿ ಹರಿದರೆ ಕಳ್ಳತನ ಎಂದು ಅರ್ಥ. ಹುಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಆದರೆ ಕೆಂಪಿ ನಡೆಯುತ್ತಿತ್ತಲ್ಲ, ಹಗ್ಗ ಜಗ್ಗಿ ಕೆಲಸಕ್ಕೆ ಇಳಿದಳು.

ಆಮೇಲೆ ಕೆಂಪಿಯೂ ಕೈಕೊಟ್ಟಿತು. ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ಓಡುವುದು, ಕೆಮ್ಮುವುದು, ತಣ್ಣಗೆ ನಿಂತುಬಿಡುವುದು. ಹಗ್ಗ ಜಗ್ಗಿ ಜಗ್ಗಿ ಹುಲ್ಲಕ್ಕನ ರಟ್ಟೆ ಬಿದ್ದುಹೋಗುತ್ತಿತ್ತು. ಕೊನೆಗೆ ಸಾಹೇಬರಿಗೆ ಹೇಳಿ ಕಳಿಸಬೇಕು. ಅವರು ಬಂದು ಚೀಟಿ ಹರಿದು, ಮುಚ್ಚಳ ತೆಗೆದು, ಒಳಗೆ ಇಣುಕಿ, ಪೆಟ್ರೋಲ್ ಬೇಕಾದಷ್ಟಿದೆ ಎಂದು ಮುಚ್ಚಿ, ಒಂದೇ ಒಂದು ಸಲ ಹಗ್ಗ ಜಗ್ಗುವರು. ಗುರ್ರ್!

"ನೋಡಮ್ಮ," ಎನ್ನುವರು ಕೈ ಒರೆಸಿಕೊಳ್ಳುತ್ತ, "ನಾನು ಎಳೆದ್ರೆ ಬರತ್ತೆ. ಮಿಷನ್ನಿಗೂ ಕೈಗುಣ ಬೇಕು."

ಹೊಸ ಚೀಟಿ ಅಂಟಿಸಿ ಹೋಗುವರು. ಹನ್ನೆರಡು ನಿಮಿಷಕ್ಕೆ ಕೆಂಪಿ ಮತ್ತೆ ನಿಲ್ಲುವುದು.

ಹುಲ್ಲಕ್ಕ ಸಾಹೇಬರ ಕೈಯಿಂದಲೇ ಚೀಟಿ ತೆಗೆಸಿ ಕೆಂಪಿಯನ್ನು ಪಂಪ್‌ಸೆಟ್ ರಿಪೇರಿಯ ಮೇಸ್ತ್ರಿಯ ಹತ್ತಿರ ತಳ್ಳಿಕೊಂಡು ಹೋದಳು. ಮೇಸ್ತ್ರಿ ಒಳ್ಳೆಯವನು, ಕೆಲಸದ ಜೊತೆ ಪಾಠವನ್ನೂ ಹೇಳುವವನು. ಎಂಜಿನ್ ನಿಂತ ತಕ್ಷಣ ಪ್ಲಗ್ ಬಿಚ್ಚಿ ನೋಡು, ಒದ್ದೆಯಿದ್ದರೆ ಪೆಟ್ರೋಲ್ ಬರುತ್ತಿದೆ, ಒಣಗಿದ್ದರೆ ದಾರಿಯಲ್ಲೆಲ್ಲೋ ತಡೆ ಎಂದು ಕಲಿಸಿಕೊಟ್ಟ. ಹಳೆಯ ಪೆಟ್ರೋಲ್ ಚೆಲ್ಲಿದ, ಫಿಲ್ಟರ್ ಬದಲಿಸಿದ, ಪೈಪ್ ಊದಿ ನೋಡಿದ, ಕಾರ್ಬುರೇಟರ್ ಬಿಚ್ಚಿ ಒಳಗಿನ ಸಣ್ಣ ಸಣ್ಣ ತೂತುಗಳನ್ನೆಲ್ಲ ತೊಳೆದ. ಅಂಗಡಿಯ ಮುಂದೆ ಕೆಂಪಿ ಮುಕ್ಕಾಲು ಗಂಟೆ ಉಸಿರು ಬಿಡದೆ ಓಡಿತು.

"ಅಕ್ಕ, ಇದಕ್ಕೆ ಇಲ್ಲಿ ಏನೂ ರೋಗ ಇಲ್ಲ," ಅಂದ ಮೇಸ್ತ್ರಿ. "ಆಸ್ಪತ್ರೆಗೆ ಹೋದ್ರೆ ಮಾತ್ರ ಕಾಯಿಲೆ ಬೀಳತ್ತೆ."

ಎರಡು ಸಲ ಹೀಗೇ ಆಗಿ ಒಂದೂವರೆ ತಿಂಗಳು ಕಳೆಯಿತು. ಅಷ್ಟರಲ್ಲಿ ಹುಲ್ಲು ಪಾದ ಮುಳುಗುವಷ್ಟು ಬೆಳೆದು ಒಬ್ಬ ಮುದುಕರು ಊರುಗೋಲು ಸಿಕ್ಕಿ ಮುಗ್ಗರಿಸಿದರು. ಪುಣ್ಯಕ್ಕೆ ಬೀಳಲಿಲ್ಲ. ಸಾಹೇಬರು ವಾರವಾರವೂ ಬರೆಯುತ್ತಿದ್ದ ಟಿಪ್ಪಣಿಗಳ ಮೇಲೆ ಇದೂ ಒಂದಾಗಿ ಡಾಕ್ಟರಮ್ಮನ ಮೇಜಿಗೆ ಹೋಯಿತು. ಶನಿವಾರ ಅವರೆದುರಿಗೇ ಪರೀಕ್ಷೆ. ಕೆಂಪಿ ನಿಂತರೆ ಹೊರಗಿನ ಗುತ್ತಿಗೆದಾರನ ಪಾಲು, ಹುಲ್ಲಕ್ಕ ಮತ್ತೆ ಕುಡುಗೋಲಿನ ಪಾಲು.

ಶುಕ್ರವಾರ ಸಂಜೆ ಅವಳು ಅಡಿಗೆಮನೆಯಲ್ಲಿ ಹೊಸ ಎಣ್ಣೆ ಡಬ್ಬದ ಮುಂದೆ ಕೂತಿದ್ದಳು. ಮನಸ್ಸೆಲ್ಲ ಅಂಗಳದಲ್ಲಿ. ಡಬ್ಬದ ಮೂಲೆಗೆ ಮೊಳೆ ಇಟ್ಟು ಒಂದು ತೂತು ಹೊಡೆದು ಬಗ್ಗಿಸಿದಳು. ಎಣ್ಣೆ ಗುಳುಕ್ ಗುಳುಕ್ ಎಂದು ಸ್ವಲ್ಪ ಬಿತ್ತು, ನಿಂತಿತು. ಅಲ್ಲಾಡಿಸಿದಳು. ಇನ್ನೊಂದು ಗುಳುಕ್, ಅಷ್ಟೇ.

ಕಣ್ಣು ಮಂಜಾದರೂ ಕಿವಿ ಚುರುಕಾದ ಅತ್ತೆ ಹೊರಕೋಣೆಯಿಂದಲೇ ಅಂದಳು: "ಎದುರು ಮೂಲೆಗೆ ಇನ್ನೊಂದು ಹೊಡಿಯೇ. ಒಳಗೆ ಗಾಳಿ ಹೋಗದೆ ಎಣ್ಣೆ ಹೊರಗೆ ಹೇಗೆ ಬರತ್ತೆ? ಇಷ್ಟು ವರ್ಷ ಸಂಸಾರ ಮಾಡಿ ಇದೂ ಗೊತ್ತಾಗಲಿಲ್ವಾ?"

ಸುತ್ತಿಗೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಕೆಂಪಿಯ ಮುಚ್ಚಳದ ನಡುವೆ ಸಾಸಿವೆ ಕಾಳಿನಷ್ಟು ಒಂದು ತೂತಿತ್ತು. ಒರೆಸುವಾಗ ಎಷ್ಟೋ ಸಲ ನೋಡಿದ್ದಳು, ಅದೇಕೆಂದು ಯೋಚಿಸಿರಲಿಲ್ಲ. ಅದರ ಮೇಲೆ ಈಗ ಚೀಟಿ. ಆದರೆ ಚೀಟಿ ಬಿದ್ದ ಮೊದಲ ವಾರಗಳಲ್ಲಿ ಕೆಂಪಿ ಚೆನ್ನಾಗಿಯೇ ಓಡಿತ್ತಲ್ಲ? ಆಗ ನೆನಪಾಯಿತು. ಮಳೆಗೆ ಚೀಟಿ ನೆನೆದು ಸಹಿ ಅಳಿಸಿಹೋಗುತ್ತದೆಂದು ಸಾಹೇಬರು ಅದರ ಮೇಲೆ ಅಗಲವಾದ ಪ್ಲಾಸ್ಟಿಕ್ ಟೇಪು ಸುತ್ತತೊಡಗಿದ್ದರು. ಕಾಯಿಲೆ ಬಂದದ್ದು ಅದೇ ವಾರ. ಮೇಸ್ತ್ರಿಯ ಅಂಗಡಿಯಲ್ಲಿ ಚೀಟಿಯೂ ಇಲ್ಲ, ಟೇಪೂ ಇಲ್ಲ, ಕಾಯಿಲೆಯೂ ಇಲ್ಲ. ಸಾಹೇಬರ ಕೈಗುಣದ ಗುಟ್ಟೂ ಅಲ್ಲೇ ಇತ್ತು: ಇಣುಕುವುದಕ್ಕೆಂದು ಅವರು ಮುಚ್ಚಳ ತೆಗೆದಾಗೆಲ್ಲ ಟ್ಯಾಂಕು ಉಸಿರಾಡುತ್ತಿತ್ತು.

ಹುಲ್ಲಕ್ಕ ಎರಡನೆಯ ತೂತು ಹೊಡೆದಳು. ಎಣ್ಣೆ ಸೊರಸೊರ ಸುರಿಯಿತು. ಅವಳು ನಗುವುದನ್ನು ಕೇಳಿ ಅತ್ತೆ, ಎಣ್ಣೆ ಚೆಲ್ಲಿತೇನೇ ಎಂದು ಗಾಬರಿಯಾದಳು.

ಬೆಳಿಗ್ಗೆ ಹೋದವಳೇ ಸಾಹೇಬರಿಗೆ ವಿಷಯ ಹೇಳಿದಳು. ನಿನ್ನ ಅತ್ತೆಯೇನು ಎಂಜಿನಿಯರೇ ಎಂದು ಅವರು ಟೇಪನ್ನು ಒಂದು ಸುತ್ತು ಹೆಚ್ಚೇ ಎಳೆದು ಅಂಟಿಸಿದರು.

ಡಾಕ್ಟರಮ್ಮ ಬಂದರು. ಮುಗ್ಗರಿಸಿದ್ದ ಮುದುಕರೂ ಬೆಂಚಿನ ಮೇಲೆ ಊರುಗೋಲು ಒರಗಿಸಿಕೊಂಡು ಕೂತರು. ಕೆಂಪಿ ಓಡಿತು, ಒಂದು ಪಟ್ಟೆ, ಎರಡು ಪಟ್ಟೆ, ಆರು ಪಟ್ಟೆ. ಏಳನೆಯದರ ನಡುವೆ ಕೆಮ್ಮಿ ನಿಂತಿತು. ಸಾಹೇಬರು ಮುಖ ಅರಳಿಸಿಕೊಂಡು, ಚೀಟಿ ಹರಿಯಲು ಉಗುರು ಮುಂದೆ ಮಾಡಿಕೊಂಡೇ ಬಂದರು. ಹುಲ್ಲಕ್ಕ ಅಂಗೈಯಿಂದ ಮುಚ್ಚಳ ಮುಚ್ಚಿದಳು.

"ಮುಟ್ಟಬೇಡಿ ಸಾರ್. ನೀವು ಮುಚ್ಚಳ ತೆಗೆದ ಮೇಲೇ ಇದು ದಿನಾ ಶುರುವಾಗೋದು. ಇವತ್ತು ದೂರ ನಿಂತು ನೋಡಿ."

ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ ಡಾಕ್ಟರಮ್ಮನಿಗೆ ತೋರಿಸಿದಳು. ಬೂದಿಯಂತೆ ಒಣಗಿತ್ತು. ಟ್ಯಾಂಕಿನಲ್ಲಿ ಹೊಟ್ಟೆತುಂಬ ಪೆಟ್ರೋಲ್, ಗಂಟಲಿಗೆ ಒಂದು ಹನಿ ಇಲ್ಲ. ಪ್ಲಗ್ಗನ್ನು ತಿರುಗಿ ಬಿಗಿದು, ತುರುಬಿನಿಂದ ಪಿನ್ನು ಕಿತ್ತು, ಸಾಹೇಬರ ಸಹಿಯ ನಟ್ಟನಡುವೆ ಚುಚ್ಚಿದಳು. ಸುಯ್ ಎಂದು ಸದ್ದಾಯಿತು. ಬೆಂಚಿನ ಮೇಲಿದ್ದ ಮುದುಕರಿಗೂ ಅದು ಕೇಳಿಸಿತು. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ ಹಗ್ಗ ಜಗ್ಗಿದಳು. ಒಂದೇ ಎಳೆತಕ್ಕೆ ಕೆಂಪಿ ಗುರ್ರೆಂದಿತು. ಚೀಟಿ ಮಾತ್ರ ಹಾಗೇ ಇತ್ತು.

ಉಳಿದ ಅಂಗಳವನ್ನೆಲ್ಲ ಅವಳು ಒಂದೇ ಉಸಿರಿಗೆ ಮುಗಿಸಿ ಬಂದಾಗ ಸಾಹೇಬರು ದಾರಿ ಹುಡುಕಿಟ್ಟಿದ್ದರು. "ಮೇಡಂ, ಇನ್ಮೇಲೆ ಚೀಟೀಲಿ ತೂತು ಬಿಟ್ಟು ಅಂಟಿಸ್ತೀನಿ." ಇಂಥವರು ಹೀಗೆಯೇ. ಅನುಮಾನ ಬಿಡಲಾರರು, ಬೇಕಾದರೆ ಅದಕ್ಕೊಂದು ಕಿಂಡಿ ಇಡುತ್ತಾರೆ.

"ಅಂಟಿಸಿ ಸಾರ್," ಅಂದಳು ಹುಲ್ಲಕ್ಕ. "ಮೊದಲು ನಿಮ್ಮ ಸ್ಕೂಟರ್ ಟ್ಯಾಂಕಿಗೆ ಅಂಟಿಸಿ. ಟೇಪು ಬಿಗಿಯಾಗೇ ಇರಲಿ. ಮನೆ ಮುಟ್ತೀರಾ ನೋಡೋಣ."

ಬೆಂಚಿನ ಮೇಲಿದ್ದ ಮುದುಕರು ಎಷ್ಟು ನಕ್ಕರೆಂದರೆ ಊರುಗೋಲು ಜಾರಿ ಕೆಳಗೆ ಬಿತ್ತು. ಡಾಕ್ಟರಮ್ಮ ನಗಲಿಲ್ಲ. ಬಗ್ಗಿ ತಾವೇ ಟೇಪು ಕಿತ್ತು, ಚೀಟಿಯನ್ನು ಉಂಡೆ ಮಾಡಿ ಸಾಹೇಬರ ಕೈಗಿತ್ತರು. ಇನ್ನು ಪೆಟ್ರೋಲ್ ಕ್ಯಾನು ಹುಲ್ಲಕ್ಕನ ಹತ್ತಿರವೇ ಇರಲಿ, ಕೆಂಪಿಯೂ ಅವಳದೇ ಎಂದರು. ಆಮೇಲೆ ಅವಳ ಕಡೆ ತಿರುಗಿ ಒಂದು ಮಾತು ಅಂದರು: "ನಾನೂ ಒಂದೂವರೆ ತಿಂಗಳು ಟಿಪ್ಪಣಿ ಓದಿದೆ. ನಿನ್ನನ್ನ ಕೇಳಲಿಲ್ಲ. ತಪ್ಪಾಯ್ತು."

ಮುಂದಿನ ವಾರ ಅತ್ತೆ ಮೊಣಕಾಲು ತೋರಿಸಲು ಆಸ್ಪತ್ರೆಗೆ ಬಂದಳು. ಮೊಣಕಾಲು ಆಮೇಲೆ ನೋಡಿದರಾಯಿತು, ಮೊದಲು ಮಿಷನ್ ತೋರಿಸು ಎಂದು ಹಟ ಹಿಡಿದಳು. ಹುಲ್ಲಕ್ಕ ಅವಳ ತೋರುಬೆರಳು ಹಿಡಿದು ಕೆಂಪಿಯ ಮುಚ್ಚಳದ ಮೇಲಿಟ್ಟಳು. ಅತ್ತೆ ಆ ತೂತನ್ನು ಬೆರಳ ತುದಿಯಿಂದ ತಡಕಿದಳು, ಮತ್ತೆ ತಡಕಿದಳು.

"ಇಷ್ಟೇನಾ?" ಅಂದಳು. "ಇದಕ್ಕೆ ಓದಿದವರಿಗೆಲ್ಲ ಒಂದೂವರೆ ತಿಂಗಳು ಬೇಕಾಯ್ತಾ?"

ಹುಲ್ಲಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿ ಹಗ್ಗ ಜಗ್ಗಿದಳು. ಎಂಜಿನ್ ಸದ್ದಿನ ನಡುವೆಯೂ ಅತ್ತೆ ಪಕ್ಕದ ಮುದುಕರಿಗೆ ಎಣ್ಣೆ ಡಬ್ಬದ ಕಥೆಯನ್ನು ಮೊದಲಿನಿಂದ ಹೇಳತೊಡಗಿದ್ದಳು.