ಶಹಾಡಿನಲ್ಲಿ ನೂರು ಹಾಳೆ

ಕೊಂಕಣ ರೈಲು ಮುಂಬಯಿ ಪಕ್ಕದ ಠಾಣೆಯಲ್ಲಿ ನಮ್ಮನ್ನು ಇಳಿಸಿದಾಗ ಬೆಳಗಿನ ಆರೂವರೆ. ಜೊತೆಗಿದ್ದವರು ಮೋನಪ್ಪಣ್ಣ, ಉಡುಪಿಯ ನನ್ನ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಆಫ್‌ಸೆಟ್ ಯಂತ್ರ ಓಡಿಸುವವರು. ಸೆಪ್ಟೆಂಬರಿನಲ್ಲೂ ಸೆಕೆ ಜೀವ ತಿನ್ನುತ್ತಿತ್ತು. ಸ್ಟೇಷನ್ನಿನ ಪೂರ್ವಕ್ಕೆ ಕೋಪರಿಯ ಕಡೆ ಇಳಿದು ನಮ್ಮೂರವರ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಸಾಂಬಾರಿಗೆ ಬೆಲ್ಲ ತುಸು ಹೆಚ್ಚಾಗಿತ್ತು. ಮೋನಪ್ಪಣ್ಣ ಚಟ್ನಿಯಲ್ಲೇ ಮುಗಿಸಿದರು.

ಈಗ ಗಿರಾಕಿಗಳಿಗೆ ಒಂದೊಂದು ಕೂಪನ್ನಿಗೂ ಬೇರೆ ಬೇರೆ ನಂಬರು, ಕ್ಯೂಆರ್ ಕೋಡು ಬೇಕು. ನಮ್ಮ ಹಳೆಯ ಯಂತ್ರಕ್ಕೆ ಅದು ಬಾರದು. ಹೊಸದು ಕೊಂಡರೆ ಕಂಪ್ಯೂಟರ್ ಬಲ್ಲವರೇ ಬೇಕು, ಮೋನಪ್ಪಣ್ಣನಿಗೆ ಕೆಲಸವಿರುವುದಿಲ್ಲ. ಶಹಾಡಿನಲ್ಲಿ ಕಾಪು ಕಡೆಯ ಸದಾನಂದಣ್ಣ ಎಂಬವರು ಹಳೆಯ ಯಂತ್ರಕ್ಕೇ ನಂಬರು ಹಾಕುವ ಇಂಕ್‌ಜೆಟ್ ಪೆಟ್ಟಿಗೆ ಕೂಡಿಸಿ ಕೊಡುತ್ತಾರೆಂದು ಕೇಳಿ ಹೊರಟಿದ್ದೆವು. ಅದು ಆಗದಿದ್ದರೆ ಇರಲಿ ಎಂದು, ಮಧ್ಯಾಹ್ನ ಮೂರಕ್ಕೆ ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಹೊಸ ಯಂತ್ರ ಮಾರುವವರಿಗೂ ಬರುತ್ತೇನೆಂದು ಹೇಳಿಟ್ಟಿದ್ದೆ. ಮೋನಪ್ಪಣ್ಣನಿಗೆ ಅದನ್ನು ತಿಳಿಸುವ ಧೈರ್ಯ ನನಗಿರಲಿಲ್ಲ.

ಹತ್ತು ರೂಪಾಯಿ ಟಿಕೆಟ್ಟಿನಲ್ಲಿ ಟಿಟ್ವಾಳಾ ಲೋಕಲ್ ಹತ್ತಿದೆವು. ಡೊಂಬಿವ್ಲಿಯಲ್ಲಿ ಎದುರು ಪ್ಲಾಟ್‌ಫಾರ್ಮಿನಲ್ಲಿ ಮುಂಬಯಿಗೆ ಹೊರಟವರ ನಡುವೆ ಕಾಲಿಡಲು ಜಾಗವಿರಲಿಲ್ಲ. ನಾವು ಉಲ್ಟಾ ದಿಕ್ಕಿನವರಾದ್ದರಿಂದ ಕುಳಿತೇ ಹೋದೆವು. ಕಲ್ಯಾಣ ದಾಟಿದರೆ ಮುಂದಿನದೇ ಶಹಾಡ್.

ಸದಾನಂದಣ್ಣನ ಶೆಡ್ಡಿನಲ್ಲಿ ನಮ್ಮದೇ ಮಾದರಿಯ ಯಂತ್ರ ನಿಂತಿತ್ತು. ಹಾಳೆ ಹೊರಬರುವಲ್ಲಿ ಹೊಸ ಪೆಟ್ಟಿಗೆ, ಅದರ ಪಕ್ಕ ಉಗುರಿನಷ್ಟು ಗಾಜು.

"ಮಷಿನ್ ಓಡಿಸುವವರಿಗೆ ಬರ್ತದೋ ಇಲ್ವೋ ನೋಡದೆ ನಾನು ಯಾರಿಗೂ ಕೂಡಿಸಿ ಕೊಡುದಿಲ್ಲ ಮಾರಾಯ್ರೆ," ಎಂದರು ಸದಾನಂದಣ್ಣ. "ಇವರು ನೂರು ಹಾಳೆ ಓಡಿಸ್ಲಿ. ಒಂದು ನಂಬರೂ ತಪ್ಪಬಾರ್ದು."

ಮೋನಪ್ಪಣ್ಣ ಊರಿನಲ್ಲಿ ದಿನವೂ ಮಾಡುವಂತೆ ಜೇಬಿನ ಪೊಟ್ಟಣ ಬಿಚ್ಚಿ, ಯಂತ್ರಕ್ಕೆ ಕುಂಕುಮವಿಟ್ಟು ಕೈಮುಗಿದು ಗುಂಡಿ ಒತ್ತಿದರು. ಹಾಳೆಗಳು ಬಂದವು. ಒಂದರಲ್ಲೂ ನಂಬರಿಲ್ಲ. ಸದಾನಂದಣ್ಣನ ಮಗಳು ಅಕ್ಷತಾ ಕೇಬಲ್ ಕಿತ್ತು ಹಾಕಿದಳು, ಕಂಪ್ಯೂಟರ್ ತಡಕಿದಳು. ಅರ್ಧ ಗಂಟೆ ಕಳೆಯಿತು. ಇನ್ನು ಕೋಪರಖೈರಣೆಯೇ ಗತಿ ಎಂದುಕೊಂಡೆ.

ಮೋನಪ್ಪಣ್ಣ ಬಗ್ಗಿ ನೋಡಿ, "ಈ ಗಾಜು ಎಂತಕ್ಕೆ ಮಗಾ?" ಎಂದರು.

"ವೋ ಮಷಿನ್ ಕೀ ಆಂಖ್ ಹೈ ಅಂಕಲ್. ಕಾಗಜ್ ಆಯಾ ತೋ ದೇಖ್‌ತೀ ಹೈ," ಎಂದಳು ಅಕ್ಷತಾ. ಹಾಳೆ ಬಂದದ್ದನ್ನು ನೋಡುವ ಯಂತ್ರದ ಕಣ್ಣಂತೆ ಅದು.

"ಅಯ್ಯೋ ದೇವರೇ, ಹಣೆಗೆ ಇಡುವುದನ್ನು ಕಣ್ಣಿಗೇ ಇಟ್ಟೆನಲ್ಲ!"

ಅಂಗಿಯ ಅಂಚಿನಲ್ಲಿ ಗಾಜು ಒರೆಸಿ ಮತ್ತೆ ಓಡಿಸಿದರು. ಅರವತ್ತರ ಹೊತ್ತಿಗೆ ತಟ್ಟನೆ ನಿಲ್ಲಿಸಿದರು. ಎರಡು ಹಾಳೆ ಅಂಟಿಕೊಂಡು ಒಳಗೆ ಹೋಗಿದ್ದವು. ಸದ್ದಿನಲ್ಲೇ ಅವರಿಗೆ ತಿಳಿದಿತ್ತು. ಅವನ್ನು ತೆಗೆದು ಮುಂದುವರಿಸಿದರು. ಒಂದರಿಂದ ನೂರರವರೆಗೆ ಒಂದು ನಂಬರೂ ತಪ್ಪಲಿಲ್ಲ.

"ನನಗೇ ಕೇಳಿಸ್ಲಿಲ್ಲ ಅದು. ದೀಪಾವಳಿ ಒಳಗೆ ಬಂದು ಕೂಡಿಸಿ ಕೊಡ್ತೇನೆ," ಎಂದರು ಸದಾನಂದಣ್ಣ.

ಶಹಾಡ್ ಸ್ಟೇಷನ್ನಿನಲ್ಲಿ ದೂರ ಸರಿದು ನಿಂತು, ಕೋಪರಖೈರಣೆಗೆ ಫೋನು ಮಾಡಿ ಬರುವುದಿಲ್ಲವೆಂದೆ. ಹಿಂದಿರುಗಿದಾಗ ಮೋನಪ್ಪಣ್ಣ ಕೇಳಿದರು:

"ಹೊಸ ಮಷಿನಿನವರಿಗೆ ಬೇಡ ಅಂದ್ರಾ ಧಣಿ?"

ನಾನು ತಬ್ಬಿಬ್ಬಾದೆ. "ನಿಮಗೆ ಯಾರು ಹೇಳಿದ್ದು?"

"ಹೋದ ವಾರ ನೀವು ಫೋನಿನಲ್ಲಿ ಮಾತಾಡುವಾಗ ಮಷಿನ್ ನಿಲ್ಸಿದ್ದೆ. ಎಲ್ಲ ಕೇಳಿತು."

ಲೋಕಲ್ ಬರುತ್ತಿತ್ತು. ಅವರು ಚೀಲ ಎತ್ತಿಕೊಂಡರು.

"ಅದಕ್ಕೇ ಇವತ್ತು ಕುಂಕುಮ ಸ್ವಲ್ಪ ಜಾಸ್ತಿ ಇಟ್ಟದ್ದು."